ಧರ್ಮದ ಹಣವೂ ಭಂಡಾರಿಯ ಲೆಕ್ಕವೂ

ಪುಷ್ಯಮಾಸವು ಬಂತೆಂದರೆ ಕೊಪ್ಪಳ ಸೀಮೆಯ ಹಾದಿಗಳೆಲ್ಲವೂ ಗವಿಮಠದ ಕಡೆಗೆ ಮುಖಮಾಡುತ್ತವೆ. ಕುಷ್ಟಗಿ, ಯಲಬುರ್ಗಾ ಕಡೆಯ ಮಳೆಯಾಶ್ರಯದ ಹೊಲಗಳ ಜೋಳವು ರೊಟ್ಟಿಯಾಗಿ, ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿ ಸೀಮೆಯ ಭತ್ತವು ಅಕ್ಕಿಯಾಗಿ, ಬಂಡಿ ಟ್ರ್ಯಾಕ್ಟರುಗಳನ್ನೇರಿ ಶ್ರೀ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹಕ್ಕೆ ಬಂದು ಸೇರುತ್ತದೆ. ರೊಟ್ಟಿ ಬಡಿದ ತಾಯಂದಿರ ಹೆಸರು ಯಾವ ಕಲ್ಲಿನ ಮೇಲೂ ಕೆತ್ತಿಲ್ಲ. ತಂದ ರೈತನು ಚೀಲವನ್ನಿಳಿಸಿ, ಗದ್ದುಗೆಗೆ ಹಣೆಮಣಿದು, ಪ್ರಸಾದವನ್ನುಂಡು ಊರಿಗೆ ಮರಳುತ್ತಾನೆ. ತಾನು ಕೊಟ್ಟದ್ದು ಏನಾಯಿತೆಂದು ಅವನು ವಿಚಾರಿಸುವುದಿಲ್ಲ. ವಿಚಾರಿಸಬೇಕೆಂಬ ಭಾವನೆಯೂ ಅವನಲ್ಲಿ ಹುಟ್ಟುವುದಿಲ್ಲ. ಕಣ್ಣೆದುರಿಗೇ ಜನಸಮುದಾಯವು ಕುಳಿತು ಉಣ್ಣುತ್ತಿರುವಾಗ ಬೇರೆ ಸಾಕ್ಷಿಯು ಅವನಿಗೆ ಬೇಕಾಗಿಯೂ ಇಲ್ಲ.

ಅನ್ನದ ದಾಸೋಹಕ್ಕೆ ಸಾವಿರ ಕಣ್ಣುಗಳುಂಟು. ಹಣದ ದಾಸೋಹಕ್ಕೆ ಅಷ್ಟು ಕಣ್ಣುಗಳಿಲ್ಲ. ಇಂದು ನಾಲ್ಕು ಊರಿಗೊಂದರಂತೆ ವಿದ್ಯಾವರ್ಧಕ ಸಂಘಗಳು, ಪ್ರಸಾದನಿಲಯಗಳು, ಜೀರ್ಣೋದ್ಧಾರ ಸಮಿತಿಗಳು, ಗೋಶಾಲೆ ಆಸ್ಪತ್ರೆಗಳ ಟ್ರಸ್ಟುಗಳು ಏರ್ಪಟ್ಟಿವೆ. ಇವುಗಳಿಗೆ ಕೊಟ್ಟ ನೂರು ರೂಪಾಯಿ ರಸೀದಿ ಪುಸ್ತಕದೊಳಗೆ ಹೋಗಿ, ಅಲ್ಲಿಂದ ಕಿರ್ದಿಗೆ, ಕಿರ್ದಿಯಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಮತ್ತೆಲ್ಲಿಗೋ ಸಾಗುತ್ತದೆ. ಈ ದಾರಿಯಲ್ಲಿ ಅದನ್ನು ಹಿಂಬಾಲಿಸಿ ನೋಡುವವರು ಎಷ್ಟು ಮಂದಿ? ಕೇಳಿದರೆ, ದೇವರ ಹಣಕ್ಕೆ ಲೆಕ್ಕ ಕೇಳುವುದುಂಟೇ, ಶಿವನು ನೋಡಿಕೊಳ್ಳುತ್ತಾನೆ ಎಂದು ಉತ್ತರ ಬರುತ್ತದೆ. ಈ ಉತ್ತರವು ಭಕ್ತಿಯ ವೇಷವನ್ನು ಧರಿಸಿದ್ದರೂ ಶರಣರ ಮಾರ್ಗಕ್ಕೆ ಸೇರಿದ್ದಲ್ಲವೆಂಬುದನ್ನು ಸದ್ಭಕ್ತರು ವಿಚಾರಿಸಬೇಕಾಗಿದೆ. ಈ ವಿಚಾರವು ಯಾವುದೊಂದು ಮಠವನ್ನಾಗಲಿ ಸಂಸ್ಥೆಯನ್ನಾಗಲಿ ಬೆರಳಿಟ್ಟು ತೋರಿಸುವುದಕ್ಕಾಗಿ ಹೊರಟದ್ದಲ್ಲ. ನಂಬಿಕೆಯಿಂದ ಬದುಕುವ ಸಂಸ್ಥೆಗಳೆಲ್ಲಕ್ಕೂ ಇದು ಅನ್ವಯಿಸುತ್ತದೆ.

ಅಣ್ಣ ಬಸವಣ್ಣನವರನ್ನು ಲೋಕವು ಭಕ್ತಿಭಂಡಾರಿಯೆಂದು ಕೊಂಡಾಡುತ್ತದೆ. ಆ ಬಿರುದಿನ ಉತ್ತರಾರ್ಧವನ್ನು ಮಾತ್ರ ಅಷ್ಟಾಗಿ ನೆನೆಯುವುದಿಲ್ಲ. ಅವರು ಹೊಟ್ಟೆಪಾಡಿಗಾಗಿ ಮಾಡಿದ ಕಾಯಕವು ಲೆಕ್ಕದ ಕಾಯಕವಾಗಿತ್ತು. ಮಂಗಳವಾಡದಲ್ಲಿ ಬಿಜ್ಜಳನ ಕರಣಿಕರ ಲೆಕ್ಕದೊಳಗಿನ ತಪ್ಪನ್ನು ಕಂಡುಹಿಡಿದು ತೋರಿಸಿದ್ದರಿಂದಲೇ ಅವರಿಗೆ ಅಲ್ಲಿ ಸ್ಥಾನ ದೊರೆಯಿತೆಂದು ಹರಿಹರನು ತನ್ನ ರಗಳೆಯಲ್ಲಿ ಹೇಳಿದ್ದಾನೆ. ಕರಣಿಕರಾಗಿ ಪ್ರವೇಶಿಸಿದವರು ಮುಂದೆ ಭಂಡಾರಿಗಳಾದರು. ಆಗ ಕೊಂಡೆಯರು ದೊರೆಯ ಕಿವಿಯಲ್ಲಿ ಊದಿದರು: ಅರಮನೆಯ ಹೊನ್ನು ಜಂಗಮರ ಮನೆ ಸೇರುತ್ತಿದೆ, ಭಂಡಾರವು ಬರಿದಾಗುತ್ತಿದೆ. ಇಂಥ ಮಾತು ಕಿವಿಗೆ ಬಿದ್ದಾಗ ಲೋಕದ ದೊಡ್ಡ ಮನುಷ್ಯರು ಹೇಗೆ ವರ್ತಿಸುತ್ತಾರೆ? ನನ್ನ ಮೇಲೆಯೇ ಸಂಶಯವೇ ಎಂದು ಕೆರಳುತ್ತಾರೆ. ಕೇಳಿದವನ ಯೋಗ್ಯತೆಯನ್ನು ವಿಚಾರಿಸುತ್ತಾರೆ. ತಮ್ಮ ತ್ಯಾಗದ ಕಥೆಯನ್ನು ಹೇಳುತ್ತಾರೆ. ಬಸವಣ್ಣನವರು ಭಂಡಾರವನ್ನು ತೆರೆದು ಎಣಿಸಿ ನೋಡಲು ಹೇಳಿದರು; ಎಣಿಸಲಾಗಿ ಒಂದು ಹೊನ್ನೂ ಕಡಿಮೆ ಬೀಳಲಿಲ್ಲವೆಂದು ಪುರಾಣಗಳು ಸಾರುತ್ತವೆ.

ಈ ಪ್ರಸಂಗವನ್ನು ಪವಾಡವೆಂದು ಕೇಳಿ ಕೈಮುಗಿದು ಎದ್ದುಹೋಗುವುದು ವಾಡಿಕೆಯಾಗಿದೆ. ಪವಾಡವು ಭಕ್ತರ ನಂಬುಗೆಗೆ ಬಿಟ್ಟ ವಿಷಯ. ಆದರೆ ಪವಾಡಕ್ಕಿಂತ ಮುಂಚೆ ನಡೆದ ಒಂದು ಸಣ್ಣ ಕೆಲಸವನ್ನು ಗಮನಿಸಬೇಕು. ಆರೋಪವು ಸುಳ್ಳಾಗಿತ್ತು, ಆದರೂ ಭಂಡಾರಿಯು ಎಣಿಕೆಗೆ ಒಪ್ಪಿದನು. ಮುಗ್ಧನಾದವನೇ ಎಣಿಕೆಗೆ ಒಪ್ಪಿದ ಬಳಿಕ, ಎಣಿಸುವುದರಿಂದ ಮಾನ ಹೋಗುತ್ತದೆಂದು ಹೇಳುವ ಅಧಿಕಾರವು ಇನ್ನಾರಿಗೂ ಉಳಿಯಲಿಲ್ಲ. ಲೆಕ್ಕದ ಪುಸ್ತಕವು ಕಳ್ಳನನ್ನು ಹಿಡಿಯುವುದಕ್ಕಾಗಿ ಮಾತ್ರ ಇರುವ ಬಲೆಯೆಂದು ತಿಳಿಯುವುದು ಅರ್ಧ ತಿಳಿವಳಿಕೆ. ಊರ ಬಾಯಿಗೆ ಸಿಕ್ಕ ಪ್ರಾಮಾಣಿಕನಿಗೆ ಅದೊಂದೇ ಕವಚ. ಪುಸ್ತಕವಿಲ್ಲದ ಪ್ರಾಮಾಣಿಕನು ಪುಸ್ತಕವಿಲ್ಲದ ಕಳ್ಳನಂತೆಯೇ ಕಾಣುತ್ತಾನೆ. ಇದಕ್ಕಿಂತ ದೊಡ್ಡ ಅನ್ಯಾಯವು ಒಬ್ಬ ಸೇವಕನಿಗೆ ಬೇರಾವುದು?

ಇನ್ನೊಂದು ಪ್ರಸಂಗವು ಈ ಸೀಮೆಗೆ ಇನ್ನೂ ಹತ್ತಿರದ್ದು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳು ಅಮರೇಶ್ವರದವರೆಂದು ಪರಂಪರೆಯು ಹೇಳುತ್ತದೆ. ಆ ಕ್ಷೇತ್ರವಿರುವ ಲಿಂಗಸೂಗೂರು ಸೀಮೆಯು ಕುಷ್ಟಗಿಗೆ ನೆರೆಯದು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಆ ಅಕ್ಕಿ ಕದ್ದದ್ದಲ್ಲ, ಬೇಡಿದ್ದೂ ಅಲ್ಲ. ಆದರೂ ಲಕ್ಕಮ್ಮನು ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಅಂದಿನ ದಾಸೋಹಕ್ಕೆ ಬೇಕಾದಷ್ಟನ್ನಲ್ಲದೆ ಉಳಿದುದನ್ನು ಆಯ್ದ ಜಾಗದಲ್ಲಿಯೇ ಸುರಿದುಬರುವಂತೆ ಗಂಡನನ್ನು ಹಿಂದಿರುಗಿಸಿದಳು. ಆ ತಾಯಿಯ ಬಳಿ ಕಾಗದವಿರಲಿಲ್ಲ, ಲೇಖಣಿಯಿರಲಿಲ್ಲ. ನಿನ್ನೆ ಎಷ್ಟು ಬಂದಿತ್ತು, ಇಂದು ಎಷ್ಟು ಬಂದಿದೆ, ಹೆಚ್ಚಾದದ್ದು ಏಕೆ ಎಂಬ ಮೂರು ಪ್ರಶ್ನೆಗಳು ಮಾತ್ರ ಇದ್ದವು. ಕೇಳಿದ್ದು ಹೆಂಡತಿ, ಕೇಳಿಸಿಕೊಂಡದ್ದು ಗಂಡ, ಅವರ ದಾಂಪತ್ಯವು ಅದರಿಂದ ಒಡೆಯಲಿಲ್ಲ. ಇಂದಿನ ಕಾರ್ಯಕಾರಿ ಸಮಿತಿಗಳಲ್ಲಿ ಈ ಮೂರು ಪ್ರಶ್ನೆಗಳನ್ನು ಕೇಳಿದವನನ್ನು ಮುಂದಿನ ಸಭೆಗೆ ಕರೆಯದಿರುವುದೂ ಉಂಟು.

ಹಾಗಾದರೆ ಧರ್ಮದ ಹಣಕ್ಕೆ ಕೈಹಾಕುವವರು ಎಂಥವರು? ದುಷ್ಟರು, ನಾಸ್ತಿಕರು ಎಂದು ಹೇಳಿ ಮುಗಿಸುವುದು ಸುಲಭ. ಅಮೆರಿಕದ ಡೊನಾಲ್ಡ್ ಕ್ರೆಸಿ ಎಂಬ ವಿದ್ವಾಂಸನು ಪರರ ಹಣಕ್ಕೆ ದ್ರೋಹ ಬಗೆದು ಸೆರೆಮನೆ ಸೇರಿದವರನ್ನು ಕಂಡು ಮಾತನಾಡಿಸಿ 1953ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ಅವನು ಕಂಡುಕೊಂಡ ಸಂಗತಿಯು ಬೇರೆಯೇ ಆಗಿತ್ತು. ಅವರು ನಂಬಿಕೆಗೆ ಪಾತ್ರರಾಗಿ ಆ ಸ್ಥಾನಕ್ಕೆ ಬಂದವರು. ಯಾರಿಗೂ ಹೇಳಿಕೊಳ್ಳಲಾರದ ಒಂದು ಹಣದ ತೊಡಕು ಅವರಿಗೆ ಒದಗಿತು, ಕೈಗೆಟಕುವಂತೆ ಹಣವಿತ್ತು, ಇದು ಕಳವಲ್ಲ, ಸಾಲ, ನಾಳೆ ತುಂಬುತ್ತೇನೆಂಬ ಸಮಾಧಾನವನ್ನು ಮನಸ್ಸು ತಾನೇ ಹೆಣೆದುಕೊಟ್ಟಿತು.

ಯಲಬುರ್ಗಾ ಕಡೆಯ ಒಂದು ಹಳ್ಳಿಯ ಜೀರ್ಣೋದ್ಧಾರ ಸಮಿತಿಯನ್ನು ಊಹಿಸಿಕೊಳ್ಳಬಹುದು. ಖಜಾಂಚಿಯು ನಿತ್ಯ ಲಿಂಗಪೂಜೆ ಮಾಡುವ ಗೃಹಸ್ಥ. ಇಪ್ಪತ್ತು ವರ್ಷದಿಂದ ಊರ ಹಣವನ್ನು ಮುಟ್ಟಿಯೂ ಮುಟ್ಟದವನಂತೆ ಇದ್ದವನು. ಮಳೆ ಕೈಕೊಟ್ಟ ವರ್ಷ ಮಗಳ ಲಗ್ನವು ಕೂಡಿಬರುತ್ತದೆ. ಬಡತನವನ್ನು ಹೇಳಿಕೊಂಡರೆ ಬೀಗರೆದುರು ಮಾನ ಹೋಗುವುದು. ಪೆಟ್ಟಿಗೆಯಲ್ಲಿ ಶಿಖರದ ಕೆಲಸಕ್ಕೆಂದು ಕೂಡಿಟ್ಟ ಹಣವಿದೆ. ಕಲ್ಲು ಬರುವುದು ಯುಗಾದಿಯ ಮೇಲೆ. ಸುಗ್ಗಿಗೆ ತುಂಬಿದರಾಯಿತೆಂದು ಇಪ್ಪತ್ತು ಸಾವಿರ ತೆಗೆಯುತ್ತಾನೆ. ಸುಗ್ಗಿಗೆ ಹತ್ತು ಸಾವಿರ ತುಂಬುತ್ತಾನೆ, ಮುಂದಿನ ತಿಂಗಳು ಹದಿನೈದು ತೆಗೆಯುತ್ತಾನೆ. ಮೂರನೆಯ ವರ್ಷಕ್ಕೆ, ಎಷ್ಟು ತೆಗೆದೆನೆಂಬುದು ಅವನಿಗೇ ತಿಳಿಯದು. ಅಂದಿನಿಂದ ಅವನು ರಸೀದಿ ಪುಸ್ತಕವನ್ನು ಮನೆಗೆ ಒಯ್ಯತೊಡಗುತ್ತಾನೆ, ಒಂದು ದಿನವೂ ರಜೆ ತೆಗೆದುಕೊಳ್ಳುವುದಿಲ್ಲ, ಬೇರೆಯವರಿಗೆ ಕೀಲಿಕೈ ಕೊಡುವುದಿಲ್ಲ. ಊರವರು ಎಂಥ ನಿಷ್ಠೆಯೆಂದು ಹೊಗಳುತ್ತಾರೆ.

ಈ ಮನುಷ್ಯನು ನರಕಕ್ಕೆ ಹೋಗುವನೋ ಇಲ್ಲವೋ ಎಂಬುದು ಇಲ್ಲಿಯ ವಿಚಾರವಲ್ಲ. ಮೊದಲನೆಯ ತಿಂಗಳಲ್ಲಿಯೇ ಯಾರಾದರೊಬ್ಬರು ಪೆಟ್ಟಿಗೆಯನ್ನು ಎಣಿಸಿದ್ದರೆ ಆ ಮನೆತನವು ಉಳಿಯುತ್ತಿತ್ತಲ್ಲವೇ? ಎಣಿಸದೆ ಬಿಟ್ಟ ಊರವರು ಅವನಿಗೆ ತೋರಿಸಿದ್ದು ಗೌರವವಲ್ಲ, ಉಪೇಕ್ಷೆ. ಹಸಿದವನ ಮುಂದೆ ಬುತ್ತಿಯನ್ನು ಬಿಚ್ಚಿಟ್ಟು ಬೆನ್ನು ತಿರುಗಿಸಿ ಕುಳಿತವರಿಗೂ ಆ ಪಾಪದಲ್ಲಿ ಪಾಲುಂಟು.

ಇದಕ್ಕೆ ಪರಿಹಾರವನ್ನು ಹೊಸದಾಗಿ ಹುಡುಕಬೇಕಾಗಿಲ್ಲ. ದಾಸೋಹದ ಅಡುಗೆಮನೆಯಲ್ಲಿಯೇ ಅದು ಇದೆ. ಅಲ್ಲಿ ಚೀಲಗಳನ್ನು ಇಳಿಸಿಕೊಳ್ಳುವವರು ಬೇರೆ, ಉಗ್ರಾಣದ ಕೀಲಿ ಹಿಡಿದವರು ಬೇರೆ, ಒಲೆಯ ಮುಂದೆ ನಿಂತವರು ಬೇರೆ, ಪಂಕ್ತಿಗೆ ಬಡಿಸುವವರು ಬೇರೆ. ಒಬ್ಬನೇ ಇಳಿಸಿಕೊಂಡು, ಒಬ್ಬನೇ ಇಟ್ಟು, ಒಬ್ಬನೇ ಬೇಯಿಸಿ, ಒಬ್ಬನೇ ಬಡಿಸುವುದಾದರೆ ದಾಸೋಹವೇ ನಡೆಯದು. ಹಣದ ವಿಷಯದಲ್ಲಿ ಮಾತ್ರ ಅನೇಕ ಸಂಸ್ಥೆಗಳು ಆ ಎಲ್ಲ ಕೆಲಸಗಳನ್ನೂ ಒಬ್ಬ ನಂಬಿಗಸ್ತನ ತಲೆಯ ಮೇಲೆ ಹೇರಿ ನಿಶ್ಚಿಂತವಾಗಿರುತ್ತವೆ. ರಸೀದಿ ಬರೆಯುವವನು ಹಣವನ್ನು ಬ್ಯಾಂಕಿಗೆ ಕಟ್ಟಬಾರದು. ಕಟ್ಟುವವನು ಕಿರ್ದಿ ಬರೆಯಬಾರದು. ಬ್ಯಾಂಕಿನ ಪಾಸ್‌ಪುಸ್ತಕವನ್ನು ಕಿರ್ದಿಯೊಡನೆ ತಾಳೆ ನೋಡುವವನು ಈ ಇಬ್ಬರೂ ಅಲ್ಲದ ಮೂರನೆಯವನಾಗಿರಬೇಕು, ಅವನು ಖಜಾಂಚಿಯ ಅಳಿಯನೋ ಸೋದರಳಿಯನೋ ಆಗಿರಬಾರದು. ರಸೀದಿ ಪುಸ್ತಕಗಳಿಗೆ ಅನುಕ್ರಮ ಸಂಖ್ಯೆ ಇರಬೇಕು. ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗಿನ ಪುಸ್ತಕವನ್ನು ಯಾರ ಕೈಗೆ ಕೊಟ್ಟದ್ದೆಂದು ಬರೆದಿಡಬೇಕು. ಮುಗಿದ ಪುಸ್ತಕವು ಹಿಂದಿರುಗದೆ ಹೊಸದನ್ನು ಕೊಡಬಾರದು. ಕಳ್ಳತನವು ಬಹುಮಟ್ಟಿಗೆ ಬರೆದ ರಸೀದಿಯಲ್ಲಿ ನಡೆಯುವುದಿಲ್ಲ, ಲೆಕ್ಕಕ್ಕೇ ಸಿಗದ ರಸೀದಿ ಪುಸ್ತಕದಲ್ಲಿ ನಡೆಯುತ್ತದೆ.

ಜಂಟಿ ಸಹಿಯ ಕಟ್ಟಳೆ ಎಲ್ಲ ಕಡೆಗೂ ಇದೆ. ಅದರ ಪಾಡೇನು? ಅಧ್ಯಕ್ಷರು ಪರಸ್ಥಳಕ್ಕೆ ಹೊರಡುವಾಗ ಕೆಲಸ ನಿಲ್ಲಬಾರದೆಂದು ಹತ್ತು ಖಾಲಿ ಚೆಕ್ಕುಗಳಿಗೆ ರುಜು ಹಾಕಿ ಕೊಟ್ಟುಹೋಗುತ್ತಾರೆ. ಈಗ ಚೆಕ್ಕಿನ ಜಾಗಕ್ಕೆ ದೂರವಾಣಿ ಬಂದಿದೆ; ಸಂಸ್ಥೆಯ ಖಾತೆಗೆ ಜೋಡಿಸಿದ ಸಂಖ್ಯೆ, ಗುಪ್ತಪದ ಎಲ್ಲವೂ ಒಬ್ಬನ ಜೇಬಿನಲ್ಲಿರುತ್ತವೆ. ಎರಡು ಸಹಿಯ ನಿಯಮವನ್ನು ಇಟ್ಟವರು ಎರಡು ಕೈ ಬರೆಯಲೆಂದು ಇಡಲಿಲ್ಲ, ಎರಡು ಮನಸ್ಸು ವಿಚಾರಿಸಲೆಂದು ಇಟ್ಟರು.

ಹುಲಿಗಿಯ ಹುಲಿಗೆಮ್ಮನ ಸನ್ನಿಧಿಯಲ್ಲಿ, ಆನೆಗೊಂದಿಯ ಬಳಿಯ ಅಂಜನಾದ್ರಿಯಲ್ಲಿ ಹುಂಡಿಯನ್ನು ತೆರೆಯುವಾಗ ಕಂದಾಯ ಇಲಾಖೆಯ ಅಧಿಕಾರಿಗಳೂ ಸಿಬ್ಬಂದಿಯೂ ಸಾಲಾಗಿ ಕುಳಿತು ಎಣಿಸುವುದನ್ನು, ಎಣಿಕೆಯ ಮೊತ್ತವು ಮರುದಿನ ಪತ್ರಿಕೆಗಳಲ್ಲಿ ಬರುವುದನ್ನು ಈ ಜಿಲ್ಲೆಯ ಜನರು ಬಲ್ಲರು. ಅದರಿಂದ ಆ ದೇವತೆಗಳ ಮಹಿಮೆಗೇನೂ ಕುಂದು ಬಂದಂತಿಲ್ಲ. ಆದರೆ ಒಂದು ಸಂಗತಿಯನ್ನು ಮರೆಯಬಾರದು. ಧಾರ್ಮಿಕ ಸಂಸ್ಥೆ ಮತ್ತು ಧರ್ಮಾದಾಯ ದತ್ತಿಗಳ 1997ರ ಕರ್ನಾಟಕ ಕಾಯ್ದೆಯು ಮಠಗಳಿಗೂ ಮಠಗಳಿಗೆ ಸೇರಿದ ದೇವಾಲಯಗಳಿಗೂ ಅನ್ವಯಿಸುವುದಿಲ್ಲ. ಈ ವಿನಾಯಿತಿಯನ್ನು ಮಠಗಳ ಸ್ವಾತಂತ್ರ್ಯವೆಂದು ಹೆಮ್ಮೆಪಡುವವರು ಬಹುಮಂದಿ. ಹೆಮ್ಮೆ ತಪ್ಪಲ್ಲ; ಆದರೆ ಸರ್ಕಾರದ ಕಣ್ಣಿಲ್ಲದ ಕಡೆಗೆ ಭಕ್ತರ ಕಣ್ಣು ಇಮ್ಮಡಿಯಾಗಿರಬೇಕಾದುದು ಆ ಸ್ವಾತಂತ್ರ್ಯದ ಬೆಲೆ.

ಮೋಸವು ಯಾವಾಗಲೂ ಒಳಗಿನಿಂದಲೇ ಬರುವುದಿಲ್ಲ. ಕಲಬುರಗಿ ಜಿಲ್ಲೆಯ ದೇವಲಗಾಣಗಾಪುರವು ದತ್ತಾತ್ರೇಯನ ಪ್ರಸಿದ್ಧ ಕ್ಷೇತ್ರ. ಆ ದೇವಸ್ಥಾನದ ಹೆಸರಿನಲ್ಲಿ ಅಂತರ್ಜಾಲದಲ್ಲಿ ನಕಲಿ ತಾಣಗಳನ್ನು ತೆರೆದು, ಪೂಜೆ ಸೇವೆಗಳ ನೆವದಿಂದ ದೂರದೂರಿನ ಭಕ್ತರಿಂದ ಕೋಟಿಗಟ್ಟಲೆ ಹಣವನ್ನು ಅರ್ಚಕರೇ ತಮ್ಮ ಖಾತೆಗಳಿಗೆ ಸೆಳೆದರೆಂಬ ದೂರು 2022ರಲ್ಲಿ ದಾಖಲಾಯಿತು. ಹಣ ಕಳಿಸಿದವರು ದೇವರಿಗೇ ಕಳಿಸಿದೆವೆಂದು ನಂಬಿದ್ದರು. ಇಂದು ದೇಣಿಗೆಯ ಪೆಟ್ಟಿಗೆಯ ಮೇಲೆ ಅಂಟಿಸಿದ ಚೌಕಳಿ ಗುರುತಿನ ಚೀಟಿಯನ್ನು ದೂರವಾಣಿಗೆ ತೋರಿಸಿದರೆ ಸಾಕು, ಹಣವು ಹೋಗುತ್ತದೆ. ಆ ಚೀಟಿಯ ಮೇಲೆ ರಾತ್ರೋರಾತ್ರಿ ಇನ್ನೊಂದು ಚೀಟಿಯನ್ನು ಅಂಟಿಸುವುದಕ್ಕೆ ಬೇಕಾದುದು ಒಂದಿಷ್ಟು ಗೋಂದು ಮಾತ್ರ. ಕೊಡುವ ಭಕ್ತನು ಪರದೆಯ ಮೇಲೆ ಮೂಡುವ ಹೆಸರು ಸಂಸ್ಥೆಯದೋ ವ್ಯಕ್ತಿಯದೋ ಎಂದು ಓದಿಕೊಂಡೇ ಗುಂಡಿಯನ್ನು ಒತ್ತಬೇಕು. ಸಂಸ್ಥೆಯವರು ದಿನವೂ ಬೆಳಿಗ್ಗೆ ಒಂದು ರೂಪಾಯಿ ಕಳಿಸಿ ಅದು ತಮ್ಮ ಖಾತೆಗೇ ಬಂದಿತೋ ಎಂದು ನೋಡಿಕೊಳ್ಳಬೇಕು. ಮೋಸವಾದುದು ತಿಳಿದೊಡನೆ 1930 ಎಂಬ ಸಂಖ್ಯೆಗೆ ಕರೆಮಾಡಿ ದೂರು ಕೊಡುವುದರಲ್ಲಿ ತಡವಾಗಬಾರದು. ಗಂಟೆಗಳು ಕಳೆದಂತೆಲ್ಲ ಹಣವು ಕೈಯಿಂದ ಕೈಗೆ ಜಾರಿಹೋಗುತ್ತದೆ.

ಸಂಸ್ಥೆಗಳೇ ಮೋಸಹೋಗುವ ಪ್ರಕಾರವೂ ಒಂದುಂಟು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಜಾನ್ ಬೆನೆಟ್ ಎಂಬವನು 1989ರಲ್ಲಿ ನ್ಯೂ ಎರಾ ಎಂಬ ದಾನಸಂಸ್ಥೆಯನ್ನು ಕಟ್ಟಿದನು. ಹೆಸರು ಹೇಳಲಿಚ್ಛಿಸದ ಮಹಾದಾನಿಗಳು ತನ್ನ ಬೆನ್ನಿಗಿದ್ದಾರೆ, ತನ್ನಲ್ಲಿ ಇಟ್ಟ ಹಣವನ್ನು ಅವರು ಕೆಲವು ತಿಂಗಳಲ್ಲಿ ಇಮ್ಮಡಿ ಮಾಡಿಕೊಡುತ್ತಾರೆ ಎಂಬುದು ಅವನ ಮಾತು. ಚರ್ಚುಗಳೂ ಕಾಲೇಜುಗಳೂ ಮುಗಿಬಿದ್ದು ಹಣ ಕೊಟ್ಟವು. ಮೊದಮೊದಲು ಇಮ್ಮಡಿಯಾಗಿ ಬಂದಿತು ಕೂಡ, ಏಕೆಂದರೆ ಹಿಂದೆ ಬಂದವರ ಹಣವನ್ನು ಮುಂದೆ ಬಂದಿದ್ದವರಿಗೆ ಹಂಚುತ್ತಿದ್ದನು. ಮಿಶಿಗನ್ ಸಂಸ್ಥಾನದ ಸ್ಪ್ರಿಂಗ್ ಆರ್ಬರ್ ಎಂಬ ಸಣ್ಣ ಕ್ರೈಸ್ತ ಕಾಲೇಜಿನ ಲೆಕ್ಕಶಾಸ್ತ್ರದ ಉಪಾಧ್ಯಾಯ ಆಲ್ಬರ್ಟ್ ಮೇಯರನಿಗೆ ಮಾತ್ರ ಇದು ಸರಿಬೀಳಲಿಲ್ಲ. ತನ್ನ ಕಾಲೇಜೇ ಹಣ ಕಳಿಸುತ್ತಿರುವುದನ್ನು ಕಂಡು ಮೇಲಿನವರಿಗೆ ಎಚ್ಚರಿಕೆ ಹೇಳಿದನು. ಅವರು ಕೇಳಲಿಲ್ಲ, ಒಳ್ಳೆಯ ಕೆಲಸಕ್ಕೆ ಅಡ್ಡಿ ಬರುವವನೆಂದು ಅವನನ್ನೇ ವಾರೆಗಣ್ಣಿನಿಂದ ನೋಡಿದರು. ಅವನು ಬಿಡದೆ ಕಾಗದಪತ್ರಗಳನ್ನು ಕಲೆಹಾಕಿ ಸರ್ಕಾರಕ್ಕೆ ಬರೆದನು. 1995ರ ಮೇ ತಿಂಗಳಲ್ಲಿ ಸಂಸ್ಥೆಯು ದಿವಾಳಿಯೆದ್ದಿತು. ಮಹಾದಾನಿಗಳು ಯಾರೂ ಇರಲೇ ಇಲ್ಲ. 1997ರಲ್ಲಿ ಬೆನೆಟ್ಟನಿಗೆ 12 ವರ್ಷದ ಸೆರೆವಾಸ ವಿಧಿಸಲಾಯಿತು.

ದೂರದೇಶದ ಈ ಕಥೆಯು ಗಂಗಾವತಿಯ ಪೇಟೆಗೆ ಪರಕೀಯವೆಂದು ಯಾರೂ ಭಾವಿಸಬೇಕಾಗಿಲ್ಲ. ಶಾಲೆಯ ಕಟ್ಟಡವು ಅರ್ಧಕ್ಕೆ ನಿಂತು, ಕಬ್ಬಿಣದ ಸರಳುಗಳು ಆಕಾಶ ನೋಡುತ್ತಿರುವ ಆಡಳಿತ ಮಂಡಲಿಯ ಬಳಿಗೆ ಒಬ್ಬ ಮಧ್ಯವರ್ತಿಯು ಬರುತ್ತಾನೆ. ದೊಡ್ಡ ಕಂಪನಿಯಿಂದ ಎರಡು ಕೋಟಿ ದೇಣಿಗೆ ಕೊಡಿಸುವೆನೆನ್ನುತ್ತಾನೆ. ಕಾಗದಪತ್ರಗಳ ಖರ್ಚಿಗೆಂದು ಮುಂಗಡವಾಗಿ ನಾಲ್ಕು ಲಕ್ಷ ಕೇಳುತ್ತಾನೆ. ವಿಷಯವು ಗುಪ್ತವಾಗಿರಲಿ, ಸಭೆಯ ಮುಂದಿಡಬೇಡಿರೆಂದು ಹೇಳುತ್ತಾನೆ. ಕೊಡಲು ಬಂದವನು ಮೊದಲು ಬೇಡುತ್ತಿರುವುದೇ ಅನುಮಾನಕ್ಕೆ ಸಾಕಷ್ಟು ಕಾರಣ. ಮಾರಯ್ಯನ ಮಡಿಲಲ್ಲಿ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಕಂಡಾಗ ಲಕ್ಕಮ್ಮನಿಗೆ ಸಂತೋಷವಾಗಲಿಲ್ಲವೆಂಬುದನ್ನು ಇಲ್ಲಿ ಮತ್ತೊಮ್ಮೆ ನೆನೆಯಬೇಕು.

ಇಷ್ಟೆಲ್ಲ ಎಚ್ಚರಿಕೆಯ ಮೇಲೂ ದ್ರೋಹವು ನಡೆದುಹೋದರೆ ಮಾಡಬೇಕಾದುದೇನು? ಈ ಸೀಮೆಯಲ್ಲಿ ಬಳಕೆಯಲ್ಲಿರುವ ದಾರಿಗಳು ಎರಡು. ಒಂದು, ಗುಡಿಯ ಕಟ್ಟೆಯ ಮೇಲೆ ಹಿರಿಯರು ಕುಳಿತು, ಭಸ್ಮ ಮುಟ್ಟಿಸಿ ಆಣೆ ಮಾಡಿಸಿ, ಮಠದ ಮಾನ ಹೋಗದಿರಲೆಂದು ಒಳಗೊಳಗೇ ಮುಚ್ಚಿಬಿಡುವುದು. ಇನ್ನೊಂದು, ಗುಸುಗುಸು ಕೇಳಿದ ದಿನವೇ ಸಂತೆಯಲ್ಲಿ ಕಳ್ಳನೆಂದು ಕೂಗಿ ಆ ಮನೆಯ ಹೆಂಗಸರು ಮಕ್ಕಳು ತಲೆಯೆತ್ತದಂತೆ ಮಾಡುವುದು. ಮುಚ್ಚಿದ್ದರಿಂದ ಹಣವು ಹೋಗುತ್ತದೆ, ಅದೇ ಮನುಷ್ಯನು ಇನ್ನೊಂದು ಸಂಸ್ಥೆಗೆ ಖಜಾಂಚಿಯಾಗುತ್ತಾನೆ. ಕೂಗಿದ್ದರಿಂದ ಒಮ್ಮೊಮ್ಮೆ ನಿರಪರಾಧಿಯು ಕೆಡುತ್ತಾನೆ. ಬಸವಣ್ಣನವರ ಮೇಲೆ ಬಂದದ್ದೂ ಆರೋಪವೇ ಅಲ್ಲವೇ?

ಆದುದರಿಂದ ಮೊದಲು ಪುಸ್ತಕಗಳನ್ನೂ ಕೀಲಿಕೈಗಳನ್ನೂ ವಶಕ್ಕೆ ತೆಗೆದುಕೊಳ್ಳಬೇಕು, ಬ್ಯಾಂಕಿಗೆ ಬರೆದು ಆ ಸಹಿಯನ್ನು ನಿಲ್ಲಿಸಬೇಕು. ಇದು ಶಿಕ್ಷೆಯಲ್ಲವೆಂದು ಆ ಮನುಷ್ಯನಿಗೂ ತಿಳಿಸಬೇಕು. ಬಳಿಕ ಹೊರಗಿನ ಲೆಕ್ಕಪರಿಶೋಧಕರಿಂದ ಎಣಿಸಿಸಬೇಕು. ಹೇಳಿಕೊಳ್ಳಲು ಅವನಿಗೆ ಅವಕಾಶವಿರಬೇಕು, ಹೇಳಿದ್ದನ್ನು ಬರೆದುಕೊಳ್ಳಬೇಕು. ಸಂಘವು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ನೋಂದಾಯಿತವಾಗಿದ್ದರೆ, ಆಡಳಿತ ಮಂಡಲಿಯ ಬಹುಮತವಾಗಲಿ ಸದಸ್ಯರಲ್ಲಿ ಮೂರನೆಯ ಒಂದು ಭಾಗವಾಗಲಿ ಅರ್ಜಿ ಕೊಟ್ಟಾಗ ನೋಂದಣಾಧಿಕಾರಿಯು ವಿಚಾರಣೆ ನಡೆಸಬೇಕೆಂದು 25ನೆಯ ಕಲಮು ಹೇಳುತ್ತದೆ. ಸಾರ್ವಜನಿಕ ಧರ್ಮಾರ್ಥ ಟ್ರಸ್ಟಾಗಿದ್ದರೆ, ಅದರಲ್ಲಿ ಹಿತಾಸಕ್ತಿಯುಳ್ಳ ಇಬ್ಬರು ಭಕ್ತರಾದರೂ ನ್ಯಾಯಾಲಯದ ಅನುಮತಿ ಪಡೆದು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೆಯ ಕಲಮಿನಂತೆ ಲೆಕ್ಕ ಕೊಡಿಸುವಂತೆ, ಟ್ರಸ್ಟಿಯನ್ನು ತೆಗೆಯುವಂತೆ ಬೇಡಿಕೊಳ್ಳಬಹುದು. ನಂಬಿ ಒಪ್ಪಿಸಿದ ಹಣವನ್ನು ಅಪ್ರಾಮಾಣಿಕವಾಗಿ ತನ್ನದಾಗಿ ಮಾಡಿಕೊಳ್ಳುವುದು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 316ನೆಯ ಕಲಮಿನ ಪ್ರಕಾರ ಐದು ವರ್ಷಗಳವರೆಗೆ ಸೆರೆವಾಸಕ್ಕೆ ಗುರಿಮಾಡುವ ಅಪರಾಧ. ಹಣವನ್ನು ಮರಳಿ ತುಂಬಿದನೆಂಬ ಮಾತ್ರಕ್ಕೆ ಅಪರಾಧವು ಇಲ್ಲವಾಗುವುದಿಲ್ಲ; ಆದರೂ ತುಂಬಿಸಿಕೊಳ್ಳುವುದು ಸಮಿತಿಯ ಕರ್ತವ್ಯ, ಏಕೆಂದರೆ ಆ ಹಣವು ಕ್ಷಮಿಸುವವರದಲ್ಲ. ದಯೆಯನ್ನು ತಮ್ಮ ಸ್ವಂತ ಗಂಟಿನಿಂದ ತೋರಿಸಬೇಕು. ಊಹಿಸಿದ ಆ ಯಲಬುರ್ಗಾದ ಖಜಾಂಚಿಯ ಮಗಳ ಸಂಸಾರಕ್ಕೆ ಊರವರು ಚಂದಾ ಎತ್ತಿ ಕೊಟ್ಟರೆ ಅದು ದಾಸೋಹ. ಶಿಖರದ ಹಣವನ್ನು ಬಿಟ್ಟುಕೊಟ್ಟರೆ ಅದು ಎರಡನೆಯ ದ್ರೋಹ.

ಯಲಬುರ್ಗಾ ಸೀಮೆಗೆ ಸೇರಿದ್ದು ಈಗ ಕುಕನೂರಿಗೆ ಸೇರಿದ ಇಟಗಿಯಲ್ಲಿ ಮಹಾದೇವ ದಂಡನಾಯಕನು 1112ರಲ್ಲಿ ಕಟ್ಟಿಸಿದ ದೇವಾಲಯವಿದೆ. ಆ ಕಾಲದ ಈ ನಾಡಿನ ದಾನಶಾಸನಗಳನ್ನು ಓದಿದವರು ಕೊನೆಯಲ್ಲಿ ಬರುವ ಶಾಪವನ್ನು, ದಾನವನ್ನಳಿದವನಿಗೆ ತಟ್ಟುವ ಪಾಪವನ್ನು ಎತ್ತಿಹೇಳುತ್ತಾರೆ. ಶಾಪಕ್ಕಿಂತ ಮೇಲಿನ ಸಾಲುಗಳು ಹೆಚ್ಚು ಜಾಣತನದವು. ಯಾರು ಕೊಟ್ಟರು, ಎಷ್ಟು ಭೂಮಿ, ಮೂಡಣಕ್ಕೆ ಯಾವ ಕಲ್ಲು, ಪಡುವಣಕ್ಕೆ ಯಾವ ಹಳ್ಳ, ಯಾವ ಕಾರ್ಯಕ್ಕೆ ಎಂಬುದನ್ನೆಲ್ಲ ಕೆತ್ತಿಸಿ, ಆ ಕಲ್ಲನ್ನು ಎಲ್ಲರೂ ನೋಡುವ ಎಡೆಯಲ್ಲಿ ನಿಲ್ಲಿಸಿದರು. ಶಾಪಕ್ಕೆ ಹೆದರದವನೂ ಎಲ್ಲರೂ ಓದಬಲ್ಲ ಕಲ್ಲಿಗೆ ಹೆದರಬೇಕಾಗಿತ್ತು. ಇಂದು ಕಲ್ಲಿನ ಅಗತ್ಯವಿಲ್ಲ. ಜಾತ್ರೆಯ ಜಮಾಖರ್ಚನ್ನು ಒಂದು ಹಾಳೆಯಲ್ಲಿ ಬರೆದು ಗುಡಿಯ ಬಾಗಿಲ ಪಕ್ಕದ ಗೋಡೆಗೆ ಅಂಟಿಸಿದರೆ ಸಾಕು. ಅನೇಕ ಹಳ್ಳಿಗಳ ಮುಂದಿನ ಜಾತ್ರೆಗೆ ರಸೀದಿ ಪುಸ್ತಕಗಳನ್ನು ಮುದ್ರಣಕ್ಕೆ ಕೊಡುವುದು ಮಾರ್ಗಶಿರದಲ್ಲಿ. ಕೊಡುವ ಮುನ್ನ, ಕಳೆದ ವರ್ಷ ಹಂಚಿದ ಪುಸ್ತಕಗಳೆಷ್ಟು, ಮರಳಿದವೆಷ್ಟು ಎಂದು ಸಮಿತಿಯ ಹಿರಿಯರು ಒಂದು ಸಂಜೆ ಕುಳಿತು ಎಣಿಸಲಿ. ಒಂದು ಪುಸ್ತಕ ಕಡಿಮೆ ಬಿದ್ದರೂ ಅದು ಸಿಗುವವರೆಗೆ ಹೊಸದು ಅಚ್ಚಾಗದಿರಲಿ.